ಬೆಂಗಳೂರು ಬಿಡುವ ಶಾಸ್ತ್ರ: ಎರಡು ರಾತ್ರಿ ಪ್ರವಾಸಸೂತ್ರಗಳು, ಸಭಾಷ್ಯ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲಿಗೇ ನಾಲ್ಕು ಮಾತಿಗೆ ಉತ್ತರ ಕೊಡಬೇಕೆಂದು ಹಿರಿಯರು ವಿಧಿಸಿದ್ದಾರೆ. ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು. ಈ ಗ್ರಂಥಕ್ಕೆ ಅಧಿಕಾರಿ: ಶುಕ್ರವಾರ ಸಂಜೆ ‘ಎಲ್ಲಾದ್ರೂ ಹೋಗಿಬಿಡೋಣ ಕಣೇ’ ಎಂದು ನಿಟ್ಟುಸಿರಿಡುವ ಬೆಂಗಳೂರಿನ ಸಂಬಳದಾರ ಗೃಹಸ್ಥ. ವಿಷಯ: ರಾಮನಗರದಲ್ಲಿ ಎರಡು ರಾತ್ರಿ ಠಿಕಾಣಿ ಹೂಡಿ, ಹಗಲು ಹೊತ್ತು ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಾಡು ಸುತ್ತಿ ಬರುವುದು. ಸಂಬಂಧ: ಹೆಂಡತಿಯ ಕಡೆಯದು. ಪ್ರಯೋಜನ: ಸೋಮವಾರ ಆಫೀಸಿನಲ್ಲಿ ಹೇಳಿಕೊಳ್ಳುವುದು.

ಸೂತ್ರ: ಬಿಟ್ಟರೂ ಬಿಡದು.

ಭಾಷ್ಯ. ಬೆಂಗಳೂರನ್ನು ಬಿಡಬೇಕೆಂಬುದು ಸಂಕಲ್ಪ. ಹೋಗಿ ಸೇರುವುದೆಲ್ಲಿಗೆ? 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬಿಡಿಸಿಕೊಂಡು ರಾಮನಗರ ಜಿಲ್ಲೆಯಾಯಿತು. ಮಾಗಡಿ, ಕನಕಪುರ, ಚನ್ನಪಟ್ಟಣಗಳೂ ಅದರ ಜೊತೆಗೆ ಬಂದವು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಿತು. ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಬೆಂಗಳೂರಿನಿಂದ ಹೊರಟು ಬೆಂಗಳೂರನ್ನೇ ತಲುಪಿದವನು ಹೊರಟನೆಂದು ಹೇಳುವುದು ಹೇಗೆ? ಈ ಆಕ್ಷೇಪವನ್ನು ಮೊದಲು ಎತ್ತಿದ್ದು ಯಾವ ತಾರ್ಕಿಕನೂ ಅಲ್ಲ, ಕಾರಿನ ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು. ‘ಏನಪ್ಪಾ, ಬೋರ್ಡಲ್ಲಿ ಬೆಂಗಳೂರು ಅಂತಲೇ ಇದೆ. ಒಂದು ರೌಂಡು ಹೊಡ್ಕೊಂಡು ಮನೆಗೇ ಬಂದ್ವಾ?’ ಅಳಿಯಂದಿರು ಸುಮ್ಮನಿದ್ದರು. ಮೌನವನ್ನು ಸಮ್ಮತಿಯೆಂದು ತಿಳಿಯಬಾರದು. ಅವರು ಟೋಲಿಗೆ ಎಷ್ಟು ಕಟ್ ಆಯಿತೆಂದು ನೋಡುತ್ತಿದ್ದರು.

ಸಮಾಧಾನ: ಬೇರೆ ಊರಿನ ವೇಷ ಹಾಕುವುದು ಈ ಸೀಮೆಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ರಾಮನಗರ ‘ಕ್ಲೋಸ್‌ಪೇಟೆ’ ಆಗಿತ್ತು. 1975ರ ‘ಶೋಲೆ’ಗಾಗಿ ರಾಮದೇವರಬೆಟ್ಟದ ಬುಡ ‘ರಾಮಗಢ’ವಾಯಿತು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದಲ್ಲಿ ಮಾಗಡಿಯ ಸಾವನದುರ್ಗವು ಉತ್ತರ ಭಾರತದ ಮರಬಾರ್ ಗುಹೆಗಳ ಪಾತ್ರ ವಹಿಸಿತು. ಇಷ್ಟು ಅನುಭವವಿರುವ ನಟನಿಗೆ ಬೆಂಗಳೂರಿನ ಪಾತ್ರವೊಂದು ಭಾರವೇ? ಬಂಡೆಗಳಂತೂ ಕದಲಿಲ್ಲ. ಭೂವಿಜ್ಞಾನಿಗಳು ಇವತ್ತಿಗೂ ಈ ಶಿಲಾಪಟ್ಟಿಯನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಪ್ರವಾಸಪಟ್ಟಿಯಲ್ಲಿ ಅದಕ್ಕೆ ಮೀಸಲಿಟ್ಟ ಕಾಲ ಇಪ್ಪತ್ತು ನಿಮಿಷ, ಸೆಲ್ಫಿ ಸೇರಿ.

ಸೂತ್ರ: ಆರೆಂದರೆ ಎಂಟೂವರೆ.

ಇದಕ್ಕೆ ಭಾಷ್ಯ ಬೇಡ.

ಸೂತ್ರ: ದೂರವು ವೇಗಕ್ಕೆ ವಿಲೋಮ.

ಭಾಷ್ಯ. ಗ್ರಂಥಕ್ಕೆಲ್ಲ ಇದೇ ಕೇಂದ್ರಸೂತ್ರ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಮಾತಿಗೆ ಮಾತು ಬೆಳೆದು, ಇಳಿಯಬೇಕಾದ ಕಡೆ ಇಳಿಯದಿದ್ದರೆ ಮುಂದೆ ಮದ್ದೂರಿನಲ್ಲಿ ವಡೆ ತಿನ್ನುತ್ತಾ ರಾಮನಗರ ಹೇಗಿರಬಹುದೆಂದು ಊಹಿಸಬೇಕಾಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಈ ರಸ್ತೆಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿ, ಹಳೇ ದಾರಿಯಲ್ಲಿ ಸಾಗಬೇಕು. ಪರಿಣಾಮವನ್ನು ಗಮನಿಸಿ. ಕಾರಿನವನು ಒಂದು ಗಂಟೆ ಓಡಿಸಿದರೂ ಬೆಂಗಳೂರಿನ ಕಾಂಕ್ರೀಟಿನ ಮೇಲೇ ಇರುತ್ತಾನೆ. ಸ್ಕೂಟರಿನವನಿಗೆ ಬಿಡದಿಯಲ್ಲೇ ತಟ್ಟೆ ಇಡ್ಲಿಯ ಹಬೆ ಮೂಗಿಗೆ ಬಡಿದು ಊರು ಬಿಟ್ಟಾಗಿರುತ್ತದೆ. ಆದ್ದರಿಂದ ಯಾರು ಎಷ್ಟು ನಿಧಾನವೋ ಅವರು ಬೆಂಗಳೂರಿನಿಂದ ಅಷ್ಟು ದೂರ.

‘ತಿಂಡಿವಾದಿ’ಗಳು ಇದನ್ನು ಒಪ್ಪಿ, ಪ್ರವಾಸವೇ ಬಿಡದಿಯಲ್ಲಿ ಸಮಾಪ್ತಿ ಎನ್ನುತ್ತಾರೆ. ಅವರ ಮತ ಆಕರ್ಷಕವಾದರೂ ಶನಿವಾರ ಬೆಳಗ್ಗೆ ಹತ್ತರ ನಂತರ ನಿಲ್ಲುವುದಿಲ್ಲ. ‘ಮ್ಯಾಪುವಾದಿ’ಗಳದು ಇನ್ನೊಂದು ಮತ: ನಾಲ್ಕು ಊರೂ ಒಂದೇ ದಿನದಲ್ಲಿ ಆಗುತ್ತದೆ, ಫೋನು ಹೇಳುತ್ತಿದೆಯಲ್ಲ! ಫೋನು ಹೇಳುವುದು ಚಕ್ರ ಉರುಳುವ ಕಾಲವನ್ನು. ಮಕ್ಕಳ ಮೂತ್ರ, ಮಾವನವರ ಕಾಫಿ, ಎಳನೀರಿನ ಚೌಕಾಸಿಗಳು ಅದರ ಲೆಕ್ಕದ ಆಚೆಗಿವೆ.

ಈ ಸೂತ್ರಕ್ಕೆ ಉತ್ತಮ ಉದಾಹರಣೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ. ಪ್ರವಾಸಿಗಳ ಪಟ್ಟಿಯಲ್ಲಿ ಇದು ಇರುವುದೇ ಅಪರೂಪ. ಬೆಳಗ್ಗೆ ಹೋದರೆ ಮೊದಲು ಎದುರುಗೊಳ್ಳುವುದು ಒಂದು ಕಮಟು ವಾಸನೆ. ಸೀರೆ ಅಂಗಡಿಯ ರೇಷ್ಮೆ ಬಲ್ಲವರಿಗೆ ನಂಬಿಕೆ ಬಾರದು. ಬಿಳಿ ಗೂಡು ಒಂದು ಕಡೆ, ಹಳದಿ ಗೂಡು ಇನ್ನೊಂದು ಕಡೆ, ಲಾಟು ಲಾಟಾಗಿ. ನೂಲು ಬಿಚ್ಚುವ ರೀಲರುಗಳು ಬರುತ್ತಾರೆ. ಮೇಲಿನ ಗೂಡನ್ನು ಯಾರೂ ನಂಬುವುದಿಲ್ಲ. ಕೈಯನ್ನು ಮೊಣಕೈವರೆಗೆ ರಾಶಿಯೊಳಗೆ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ, ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಹೇಗಿದೆಯೆಂದು ಆ ಸದ್ದು ಹೇಳುತ್ತದಂತೆ. ಆಮೇಲೆ ಬೆಲೆ ಕೂಗುವ ಗದ್ದಲವೇ ಇಲ್ಲ. ಈಗ ಇ-ಹರಾಜು, ಬೆರಳಿಂದ ಮೊಬೈಲಿಗೆ. ಪಕ್ಕದಲ್ಲಿ ಗೂಡು ಬೆಳೆದ ರೈತ, ಎಲ್ಲಿಂದಲೋ ರಾತ್ರಿಯೆಲ್ಲ ಟೆಂಪೋದಲ್ಲಿ ಬಂದವನು, ಟವೆಲು ಹೆಗಲಿಗೆ ಹಾಕಿಕೊಂಡು ಪರದೆಯನ್ನೇ ದಿಟ್ಟಿಸುತ್ತಾನೆ. ತಿಂಗಳ ದುಡಿಮೆಯ ದರ ಅದರಲ್ಲಿ ಮೂಡಬೇಕು. ಅಲ್ಲಿ ನಿಂತ ಪ್ರವಾಸಿಗೆ ತಾನು ಅಡ್ಡ ನಿಂತಿದ್ದೇನೆಂಬ ಅರಿವು ಮೂಡುವುದುಂಟು. ಈ ಅರಿವಿಗೆ ಶಾಸ್ತ್ರದಲ್ಲಿ ಪುಣ್ಯ ಹೇಳಿದೆ.

ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುವುದು ವಿಧಿ, ಬೊಂಬೆ ಮಾಡುವುದನ್ನು ನೋಡುವುದು ಐಚ್ಛಿಕ. ಪ್ರಸ್ತುತ ಭಾಷ್ಯಕಾರನು ಐಚ್ಛಿಕದ ಪರ. ಆಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತದೆ. ಮೇಲೆ ತಾಳೆಗರಿ ಒತ್ತಿದೊಡನೆ ಹೊಳಪು. ಬೈಪಾಸು ಬಂದ ಮೇಲೆ ಹಳೇ ಹೆದ್ದಾರಿಯ ಬೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆ. ನಿಂತು ಕೊಳ್ಳುವವರಿಗೆ ಅಂಗಡಿಯವರ ಮಾತು ಕೊಸರಾಗಿ ಸಿಗುತ್ತದೆ. ದಾರಿಯಲ್ಲೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ಗಾಜಿನ ಹಿಂದಿನ ಸೇರು, ಕೊಳಗಗಳನ್ನು ಕಂಡ ಅತ್ತೆಯವರು ‘ಇದನ್ನೆಲ್ಲ ನೋಡೋಕೆ ಟಿಕೀಟಾ? ನಮ್ಮ ಅಟ್ಟದ ಮೇಲೇ ಬಿದ್ದಿದ್ವು, ಗುಜರಿಗೆ ಹಾಕಿದವನು ನಿಮ್ಮ ಮಾವ’ ಎಂದರು. ವಸ್ತುಸಂಗ್ರಹಾಲಯ ಶಾಸ್ತ್ರದಲ್ಲಿ ಇದಕ್ಕಿಂತ ಖಚಿತವಾದ ವಿಮರ್ಶೆ ಬಂದಿಲ್ಲ.

ರಾಮದೇವರಬೆಟ್ಟದಲ್ಲಿ ಎರಡು ಪಂಗಡ. ಗಬ್ಬರ್‌ನ ಬಂಡೆ ಹುಡುಕುವವರು, ರಣಹದ್ದು ಹುಡುಕುವವರು. 2012ರಲ್ಲಿ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಗಿದೆ. ಉದ್ದಕೊಕ್ಕಿನ ರಣಹದ್ದು ಇವತ್ತು ಅಳಿವಿನಂಚಿನಲ್ಲಿದೆ. ಗಬ್ಬರನ ಸಂತತಿಗೆ ಆ ಭಯವಿಲ್ಲ.

ಸೂತ್ರ: ಯೋಜನೆಯು ಯೋಜನೆಯಾಗಿಯೇ ಶೋಭಿಸುವುದು.

ಭಾಷ್ಯ. ಕನಕಪುರ ಪ್ರಕರಣ. ಅಲ್ಲಿಂದ ಇನ್ನೊಂದು ಗಂಟೆ ಕೆಳಗೆ ಇಳಿದರೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ. ನದಿ ದಾಟಿ ಮುಂದೆ ಹೋದರೆ ಮೇಕೆದಾಟು. ಬಂಡೆಗಳ ಸಂದಿಯಲ್ಲಿ ಕಾವೇರಿ ಮೈ ಬಿಗಿಹಿಡಿದು ನುಗ್ಗುತ್ತಾಳೆ. ನೀರು ಏರಿದ ದಿನ ತೆಪ್ಪ ಬಿಡುವುದಿಲ್ಲ. ಆಗ ಸಂಗಮದ ಈ ದಡದಲ್ಲಿ ನಿಂತು, ಆ ದಡವನ್ನು ನೋಡಿ, ಹುರಿದ ಮೀನು ತಿಂದು ವಾಪಸು. ಪ್ರವಾಸಿ ಕೊರಗಬಾರದು. ಇಲ್ಲಿ ಕಟ್ಟಬೇಕೆಂದಿರುವ 67 ಟಿಎಂಸಿ ಚಿಲ್ಲರೆಯ ಅಣೆಕಟ್ಟೆಗೆ 9,000 ಕೋಟಿ ರೂಪಾಯಿಯ ಯೋಜನಾ ವರದಿ 2019ರಲ್ಲೇ ದೆಹಲಿಗೆ ಹೋಗಿದೆ, ತಮಿಳುನಾಡಿನ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ, 2022ರ ಜನವರಿಯಲ್ಲಿ ಸಂಗಮದಿಂದಲೇ ಪಾದಯಾತ್ರೆಯೂ ಹೊರಟಿದೆ. ಮೇಕೆ ಒಂದೇ ನೆಗೆತಕ್ಕೆ ದಾಟಿತೆನ್ನುವ ಜಾಗವನ್ನು ಕಡತ ದಾಟಲು ಇಷ್ಟು ಕಾಲ ಹಿಡಿಯುವಾಗ, ನಿಮ್ಮ ಭಾನುವಾರದ ಪಟ್ಟಿಯಲ್ಲಿ ಚುಂಚಿ ಫಾಲ್ಸ್ ಉಳಿದುಹೋದದ್ದು ಯಾವ ಲೆಕ್ಕ?

ಮಾಗಡಿ ಪ್ರಕರಣ. ಮೇಲೆ ಎತ್ತಿದ ಪೂರ್ವಪಕ್ಷಕ್ಕೆ ಕೊನೆಯ ಉತ್ತರ ಇಲ್ಲಿದೆ. ಬೆಂಗಳೂರನ್ನು ನಿಜವಾಗಿ ಬಿಟ್ಟವರು ಯಾರಾದರೂ ಇದ್ದಾರೆಯೇ? ಇದ್ದಾರೆ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯ ಬೆಂಗಳೂರನ್ನು ಹಿಡಿದಾಗ, ಆ ಊರನ್ನು ಕಟ್ಟಿದ ಕೆಂಪೇಗೌಡರ ವಂಶದವರೇ ಅದನ್ನು ಬಿಟ್ಟು ಮಾಗಡಿಗೆ ಬಂದು ನೆಲೆಸಿದರು. ಕೋಟೆ ಇತ್ತು, ಪಕ್ಕದಲ್ಲೇ ಸಾವನದುರ್ಗವಿತ್ತು. ಮಾಗಡಿಗೆ ಬಂದವರಲ್ಲಿ ಭಾನುವಾರ ಸಂಜೆ ವಾಪಸಾಗದವರು ಅವರೇ. ಕಾರಣ ಸ್ಪಷ್ಟ: ಅವರು ಯೋಜನೆ ಹಾಕಿ ಹೊರಟವರಲ್ಲ. ಯೋಜನೆ ಹಾಕಿ ಬಂದವನು ಬ್ರಿಟಿಷರ ಕಾರ್ನ್‌ವಾಲಿಸ್. 1791ರ ಡಿಸೆಂಬರ್ 21ರಂದು ಅವನ ಸೈನ್ಯ ಸಾವನದುರ್ಗವನ್ನು ಹತ್ತಿ ಗೆದ್ದಿತು. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಒಂಟಿ ಬಂಡೆಯನ್ನು ಇಂದು ಹತ್ತುವವರ ಮಂಡಿ ಅವನ ಸಿಪಾಯಿಗಳನ್ನು ಗೌರವದಿಂದ ನೆನೆಯುತ್ತದೆ.

ಮಾಗಡಿಯ ಮಗ್ಗುಲಲ್ಲಿ ಹುಲಿಕಲ್–ಕುದೂರು ರಸ್ತೆ. ಸಾಲುಮರದ ತಿಮ್ಮಕ್ಕ ಮತ್ತವರ ಗಂಡ ನೀರು ಹೊತ್ತು ಬೆಳೆಸಿದ ಆಲದಮರಗಳು ರಸ್ತೆಯ ಎರಡೂ ಬದಿಗಿವೆ. ಭಾಷ್ಯಕಾರ ಇಲ್ಲಿ ವ್ಯಂಗ್ಯವನ್ನು ಕಾರಿನಲ್ಲೇ ಬಿಟ್ಟು ಇಳಿಯುತ್ತಾನೆ. ಇಳಿದು ನಡೆಯಿರಿ, ಅಷ್ಟೇ.

ಫಲಶ್ರುತಿ. ಈ ಗ್ರಂಥವನ್ನು ಶುಕ್ರವಾರ ರಾತ್ರಿ ಪಠಿಸುವವರಿಗೆ ಕಣಿಮಿಣಿಕೆ ಟೋಲಿನಲ್ಲಿ ಫಾಸ್ಟ್‌ಟ್ಯಾಗು ಮೊದಲ ಸಲಕ್ಕೇ ಕೆಲಸ ಮಾಡುತ್ತದೆ. ಕೇಳಿಸಿಕೊಳ್ಳುವವರಿಗೆ ಲಾಡ್ಜಿನಲ್ಲಿ ಬಿಸಿನೀರು ಬರುತ್ತದೆ. ಪ್ರತಿ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕುವವರಿಗೆ ಮುಂದಿನ ಪ್ರವಾಸದ ಯೋಜನೆ ಹಾಕುವ ಭಾರ ತಪ್ಪುತ್ತದೆ, ಏಕೆಂದರೆ ಅವರನ್ನು ಯಾರೂ ಕೇಳುವುದಿಲ್ಲ. ಭಾನುವಾರ ಸಂಜೆ ಕೆಂಗೇರಿಯಲ್ಲಿ ಆಗುವುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಬೇರೆಯೇ ಪುರಾಣವಿದೆ.