ಸೀಟಿಗೆ ಸೀಟಿನ ಲೆಕ್ಕ, ಬಾಯಿಗೆ ಬಾಯಿಯ ಲೆಕ್ಕ

(ಮೈಸೂರಿನ ಒಂದು ನಡುಮನೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಮುಗಿಸಿಕೊಂಡು ಟೆಂಪೋ ಟ್ರಾವೆಲರ್ ನಿನ್ನೆ ರಾತ್ರಿ ವಾಪಸಾಗಿದೆ. ಒಗೆಯುವ ಬಟ್ಟೆ ಇನ್ನೂ ಬ್ಯಾಗಿನಲ್ಲಿದೆ, ಲೆಕ್ಕದ ಪುಸ್ತಕ ಮಾತ್ರ ಆಗಲೇ ಹೊರಗೆ ಬಂದಿದೆ. ರಾಮಸ್ವಾಮಿ ಬ್ಯಾಂಕಿನಿಂದ ನಿವೃತ್ತರು. ಬ್ಯಾಂಕು ಅವರಿಂದ ನಿವೃತ್ತವಾಗಿಲ್ಲ. ಹೆಂಡತಿ ಸರೋಜಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಾರೆ. ಸರೋಜಮ್ಮನ ತಮ್ಮ ಮಂಜು, ಮರೆತು ಹೋಗಿದ್ದ ಫ್ಲಾಸ್ಕ್ ತೆಗೆದುಕೊಳ್ಳಲು ಬಂದು ಸಿಕ್ಕಿಬಿದ್ದಿದ್ದಾನೆ.)

ರಾಮಸ್ವಾಮಿ: ಕೂತ್ಕೊ ಮಂಜು. ದೇವರು ದರ್ಶನ ಕೊಟ್ಟಾಯ್ತು, ಇನ್ನು ನಾವು ದುಡ್ಡು ಕೊಡೋದು ಬಾಕಿ.

ಮಂಜು: ಇವತ್ತೇ ಏನವಸರ ಭಾವ? ನೆಂಟರ ಮಧ್ಯೆ ಲೆಕ್ಕ ನೋಡ್ತಾರಾ?

ರಾಮಸ್ವಾಮಿ: ನೋಡಲ್ಲ ಅಂದೋರೇ ಆಮೇಲೆ ಪ್ರತಿ ಮದುವೆ, ಪ್ರತಿ ಮುಂಜಿಲಿ ಅದನ್ನೇ ಆಡ್ಕೊಳ್ಳೋದು. ಬರ್ಕೊ. ಗಾಡಿಗೆ ದಿನಕ್ಕೆ ಮಿನಿಮಮ್ 250 ಕಿಲೋಮೀಟರ್, ಮೂರು ದಿನಕ್ಕೆ 750. ಕಿಲೋಮೀಟರಿಗೆ 20 ರೂಪಾಯಂತೆ 15,000. ಡ್ರೈವರ್ ಬಾಟಾ ದಿನಕ್ಕೆ 600, ಅದು 1,800. ಟೋಲು, ಪಾರ್ಕಿಂಗು 1,200. ಒಟ್ಟು 18,000.

ಮಂಜು: ನಾನು ಮೀಟರು ನೋಡಿದ್ದೆ ಭಾವ. ಶೆಡ್ಡಿಂದ ಶೆಡ್ಡಿಗೆ ಓಡಿದ್ದು 690. ಇನ್ನು 60 ಕಿಲೋಮೀಟರ್ ಎಲ್ಲಿ ಹೋಯ್ತು?

ರಾಮಸ್ವಾಮಿ: ನನ್ನ ಹೊಟ್ಟೆಗೂ ಅದೇ ಉರಿ. ರಾತ್ರಿ ಡ್ರೈವರನ್ನ ಕೇಳಿದೆ, 'ಬಾಕಿ 60 ಇದೆಯಲ್ಲಪ್ಪ, ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಒಂದು ರೌಂಡ್ ಹಾಕ್ಸು' ಅಂತ. 'ಹಾಕಿಸ್ತೀನಿ ಸಾರ್, ಆದ್ರೆ ನಾಲ್ಕನೇ ದಿನದ 250 ಶುರುವಾಗುತ್ತೆ' ಅಂದ.

ಸರೋಜಮ್ಮ: ಅದಕ್ಕೇ ರಾತ್ರಿ ಹನ್ನೊಂದಕ್ಕೆ ಆ ಮನುಷ್ಯ ಓಡಿಹೋಗಿದ್ದು. ನೀರು ಬೇಕಾ ಅಂತ ಕೇಳೋಕೂ ಬಿಡಲಿಲ್ಲ.

ರಾಮಸ್ವಾಮಿ: ಗಾಡಿ ಹನ್ನೆರಡು ಸೀಟಿಂದು. 18,000ಕ್ಕೆ ಹನ್ನೆರಡು ಭಾಗ. ಸೀಟಿಗೆ 1,500.

ಮಂಜು: ಹೋಗಿದ್ದು ಒಂಬತ್ತೇ ಜನ. ನೀವಿಬ್ಬರು, ನಾವು ನಾಲ್ಕು ಜನ, ಚಿಕ್ಕಮ್ಮ, ಹಾಸನದಲ್ಲಿ ಹತ್ತಿದ ಸುಬ್ಬಣ್ಣ, ಅವನ ಹೆಂಡತಿ. ನಾಗರಾಜನ ಮನೆಯ ಮೂರು ಜನ ಹಿಂದಿನ ರಾತ್ರಿ ಕೈ ಎತ್ತಿದ್ರಲ್ಲ. ಬರದೇ ಇರೋರ ಹತ್ರ ಹೆಂಗೆ ಕೇಳ್ತೀರಾ?

ರಾಮಸ್ವಾಮಿ: ಸರಿ, ಒಂಬತ್ತಕ್ಕೇ ಹಂಚು. ತಲೆಗೆ 2,000. ನಿನ್ನ ಮನೆಗೆ 8,000.

ಮಂಜು: (ನಿಂತುಕೊಂಡು) ಏನು! ನನ್ನ ಚಿಕ್ಕವನಿಗೆ ನಾಲ್ಕು ವರ್ಷ ಭಾವ, ಸರ್ಕಾರಿ ಬಸ್ಸಲ್ಲೇ ಟಿಕೆಟ್ ಇಲ್ಲ! ದೊಡ್ಡವನಿಗೆ ಒಂಬತ್ತು, ಅರ್ಧ ಟಿಕೆಟ್.

ರಾಮಸ್ವಾಮಿ: ಆ ಟಿಕೆಟ್ ಇಲ್ಲದವನು ಸಕಲೇಶಪುರ ದಾಟಿದ ಮೇಲೆ ಎರಡು ಸೀಟಲ್ಲಿ ಅನಂತಶಯನ ಮಾಡಿದ್ದ. ನಾನು ಧರ್ಮಸ್ಥಳದ ತನಕ ಅವನ ಕಾಲು ಹಿಡ್ಕೊಂಡು ಕೂತಿದ್ದೆ.

ಮಂಜು: ಕಾಲು ಹಿಡಿದ್ರೂ ಅರ್ಧ ಅರ್ಧವೇ.

ರಾಮಸ್ವಾಮಿ: ಆಗಲಿ. ಏಳೂವರೆ ಭಾಗ. ಭಾಗಕ್ಕೆ 2,400. ನಿನ್ನ ಮನೆಗೆ ಎರಡೂವರೆ ಭಾಗ, 6,000. ಅದೇ ಹನ್ನೆರಡು ಸೀಟಿನ ಲೆಕ್ಕದಲ್ಲಿ ನಾಲ್ಕು ಸೀಟಿಗೆ 1,500ರಂತೆ... ಎಷ್ಟಾಗುತ್ತೆ ಹೇಳು?

ಮಂಜು: (ಬೆರಳು ಮಡಚಿ, ಬಿಚ್ಚಿ) 6,000.

ರಾಮಸ್ವಾಮಿ: ಇಷ್ಟು ಹೊತ್ತು ನಿಂತು ಕೂಗಾಡಿದ್ದಕ್ಕೆ ಉಳಿದಿದ್ದು ಏನು?

ಮಂಜು: ಕೂತ್ಕೋತೀನಿ ಭಾವ.

ಸರೋಜಮ್ಮ: ಅದಿರಲಿ, ಕೆಂಪು ಬಸ್ಸಲ್ಲಿ ಹೋಗಿದ್ರೆ ನಾವು ಹೆಂಗಸರು ನಾಲ್ಕು ಜನಕ್ಕೂ ಜೀರೋ ಟಿಕೆಟ್ಟು. 2023ರ ಜೂನಿಂದ ಆಧಾರ್ ತೋರಿಸ್ಕೊಂಡು ಓಡಾಡ್ತಾ ಇದೀವಿ. ಟೆಂಪೋ ಬೇಕು ಅಂದಿದ್ದು ನೀವು ಗಂಡಸರು. ನಾವ್ಯಾಕೆ ಕೊಡಬೇಕು?

ರಾಮಸ್ವಾಮಿ: ಆ ಯೋಜನೆ ಸಾದಾ ಬಸ್ಸಿಗೆ ಕಣೇ. ರಾಜಹಂಸಕ್ಕೇ ಇಲ್ಲ, ಐರಾವತಕ್ಕೇ ಇಲ್ಲ, ಟೆಂಪೋಗೆ ಎಲ್ಲಿಂದ ಬರುತ್ತೆ?

ಮಂಜು: ಇಲ್ಲ ಭಾವ, ಅಕ್ಕ ಹೇಳೋದ್ರಲ್ಲಿ ನ್ಯಾಯ ಇದೆ. ನನ್ನ ಹೆಂಡತಿ ಸುಶೀಲಂದು ಒಂದು ಭಾಗ ಕಡಿಮೆಯಾದ್ರೆ ನನಗೂ ಹಗುರ.

ರಾಮಸ್ವಾಮಿ: ಹಗುರವಾ? ಹೆಂಗಸರನ್ನ ಬಿಟ್ರೆ ನಾವು ಮೂರು ಗಂಡಸರು, ಜೊತೆಗೆ ನಿನ್ನ ಅರ್ಧ ಟಿಕೆಟ್. ಮೂರೂವರೆ ಭಾಗ. ಭಾಗಕ್ಕೆ 5,142 ರೂಪಾಯಿ 86 ಪೈಸೆ. ನಿನ್ನ ಒಂದೂವರೆ ಭಾಗಕ್ಕೆ 7,714 ಚಿಲ್ಲರೆ.

ಮಂಜು: ಅಕ್ಕ, ಸುಶೀಲಂಗೆ ಫುಲ್ ಟಿಕೆಟ್ಟೇ ಇರಲಿ.

(ಸರೋಜಮ್ಮ ನಗುತ್ತಾರೆ. ಅವರು ಈ ಮಾತು ತೆಗೆದದ್ದೇ ಇದನ್ನು ನೋಡಲು ಎಂದು ನನಗೆ ಗುಮಾನಿ.)

ರಾಮಸ್ವಾಮಿ: ಮುಂದಿನ ಐಟಂ. ಹುಂಡಿಗೆ ಎಲ್ಲರ ಪರವಾಗಿ ನಾನು ಹಾಕಿದ್ದು 501. ಒಂಬತ್ತಕ್ಕೆ ಹಂಚಿದ್ರೆ ತಲೆಗೆ 55 ರೂಪಾಯಿ 67 ಪೈಸೆ.

ಮಂಜು: ಪುಣ್ಯನೂ ಒಂಬತ್ತು ಭಾಗ ಆಗಿದೆಯಾ? ಹಾಕೋವಾಗ ಕಣ್ಣು ಮುಚ್ಚಿ ಅರ್ಧ ಗಂಟೆ ನಿಮ್ಮ ಮಗಳ ಪ್ರಮೋಷನ್ನೇ ಕೇಳ್ಕೊಂಡ್ರಿ. ಪಕ್ಕದಲ್ಲೇ ಇದ್ದೆ, ಕೇಳಿಸ್ತು.

ರಾಮಸ್ವಾಮಿ: (ಹೊಡೆದುಹಾಕುತ್ತಾ) ಹೋಗ್ಲಿ. ಚಾರ್ಮಾಡಿ ಘಾಟಿಗೆ ಅಂತ ನಿಂಬೆಹಣ್ಣು, 30 ರೂಪಾಯಿ. ವಾಂತಿ ಮಾಡಿದ್ದು ಮೂರು ಜನ, ಮೂರೂ ನಿನ್ನ ಮನೆಯೋರು.

ಮಂಜು: ಮೂಸಿದ್ದು ಒಂಬತ್ತು ಜನ.

ರಾಮಸ್ವಾಮಿ: ಶೃಂಗೇರಿಲಿ ತುಂಗಾ ನದಿ ಮೀನಿಗೆ ಕಡ್ಲೆಪುರಿ, 40.

ಮಂಜು: ಹಾಕಿದ್ದು ನನ್ನ ಮಗ. ನಿಮ್ಮ ಕೈಯಲ್ಲಿದ್ದ ಪೊಟ್ಟಣದಲ್ಲಿ ಅರ್ಧ ಮೀನಿಗೆ ಹೋಗಲೇ ಇಲ್ಲ. ನೀವು ಮೆಟ್ಟಿಲ ಮೇಲೆ ಕೂತ್ಕೊಂಡು ಮುಗಿಸಿದ್ರಿ.

ರಾಮಸ್ವಾಮಿ: ಊಟದ ವಿಷಯಕ್ಕೆ ಬಾ. ಧರ್ಮಸ್ಥಳ, ಹೊರನಾಡು, ಶೃಂಗೇರಿ, ಮೂರು ಕಡೆನೂ ದೇವಸ್ಥಾನದ ಊಟ, ಖರ್ಚಿಲ್ಲ. ಹೋಟೆಲ್ ತಿಂಡಿ, ಕಾಫಿ ಎಲ್ಲ ಸೇರಿ 2,400. ಸುಬ್ಬಣ್ಣ ಕೊಟ್ಟಿದಾನೆ. ಇದರಲ್ಲಿ ಒಂದು ತನಿಖೆ ಆಗಬೇಕು. ಹಾಸನದಲ್ಲಿ ನೀನು ಮೊದಲು ಹೇಳಿದ್ದು ಎರಡು ಇಡ್ಲಿ. ಸುಬ್ಬಣ್ಣ 'ಬಿಲ್ಲು ಒಂದೇ ಮಾಡಿ' ಅಂದ ತಕ್ಷಣ ಅದು ಮಸಾಲೆ ದೋಸೆ ಆಯ್ತು, ಹಿಂದೆನೇ ಜಾಮೂನು ಬಂತು.

ಮಂಜು: ಹಸಿವು ಬಿಲ್ಲು ನೋಡ್ಕೊಂಡು ಬರುತ್ತಾ ಭಾವ?

ರಾಮಸ್ವಾಮಿ: ಬರುತ್ತೆ! ಇಸ್ರೇಲಲ್ಲಿ ವಿದ್ಯಾರ್ಥಿಗಳನ್ನ ಹೋಟೆಲಿಗೆ ಕರ್ಕೊಂಡು ಹೋಗಿ ನೋಡಿದಾರೆ. ಅವರವರ ಬಿಲ್ಲು ಅವರೇ ಕೊಡಬೇಕು ಅಂದ್ರೆ ಲೆಕ್ಕ ಹಾಕಿ ತಿಂದ್ರಂತೆ, ಸಮಪಾಲು ಅಂದ್ರೆ ಜಾಸ್ತಿ ತರಿಸಿದ್ರಂತೆ. 2004ರಲ್ಲಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬಂದಿದೆ. ನಿನ್ನ ಜಾಮೂನಿನ ವಿಷಯ ಅವರಿಗೆ ಇಪ್ಪತ್ತು ವರ್ಷದ ಹಿಂದೇನೇ ಗೊತ್ತಿತ್ತು.

ಸರೋಜಮ್ಮ: ಮತ್ತೆ ಹೋಟೆಲಿನ ನೀರೂ ಮುಟ್ಟದೆ ಮನೆಯಿಂದ ತಂದ ಬಾಳೆಹಣ್ಣಲ್ಲಿ ಮೂರು ದಿನ ಕಳೆದ ಚಿಕ್ಕಮ್ಮ ಇವನ ಜಾಮೂನಿಗೆ ಪಾಲು ಕೊಡಬೇಕಾ? ಇಲ್ಲಿ ಕೊಡಿ ಆ ಪುಸ್ತಕ.

ರಾಮಸ್ವಾಮಿ: ಇದೇನು ಸೊಪ್ಪಿನ ಲೆಕ್ಕ ಅಂದ್ಕೊಂಡ್ಯಾ?

ಸರೋಜಮ್ಮ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯೋಳು ನಾನೇ. ಅಲ್ಲಿ ಇಷ್ಟು ಜಗಳ ಆಗಿದ್ರೆ ಸಂಘ ಎಂದೋ ಮುಚ್ಚಿರ್ತಿತ್ತು. ಮಂಜ, ಬರ್ಕೊ. ಸೀಟಿನ ಖರ್ಚು ಸೀಟಿಗೆ, ಹನ್ನೆರಡಕ್ಕೂ. ಬಾಯಿಯ ಖರ್ಚು ತಿಂದ ಬಾಯಿಗೆ, ಎಂಟು ಬಾಯಿ, ಬಾಯಿಗೆ 300. ಹುಂಡಿ, ನಿಂಬೆಹಣ್ಣು, ಮೀನು ಯಾರು ಕೊಟ್ರೋ ಅವರದೇ.

ಮಂಜು: ನಾಗರಾಜ ಒಪ್ಪಲ್ಲ ಅಕ್ಕ. ಒಂಬತ್ತು ಜನಕ್ಕೂ ಇದೇ ಗಾಡಿ ಬೇಕಿತ್ತು, ನಾನು ಬಂದ್ರೂ ಅಷ್ಟೇ ಬರದಿದ್ರೂ ಅಷ್ಟೇ ಅಂತಾನೆ.

ಸರೋಜಮ್ಮ: ಒಂದು ವಾರ ಮುಂಚೆ ಹೇಳಿದ್ರೆ ಆ ಮಾತಿಗೆ ಬೆಲೆ. ಪಕ್ಕದ ಮನೆ ಪದ್ಮಮ್ಮ ಮಗಳು ಅಳಿಯನ ಜೊತೆ ಸೀಟು ಕೇಳ್ತಾ ಇದ್ರು, ತುಂಬಿದೆ ಅಂತ ನಾಗರಾಜನ ಹೆಸರು ಹೇಳೇ ಕಳಿಸಿದೀನಿ. ತಿಂಡಿಗೆ ಕೊಡೋದು ಬೇಡ, ಸೀಟಿಗೆ ಕೊಡಲಿ.

ಮಂಜು: ಸುಬ್ಬಣ್ಣ? ಅವನು ಹತ್ತಿದ್ದೂ ಹಾಸನ, ಇಳಿದಿದ್ದೂ ಹಾಸನ. ಮೈಸೂರಿಂದ ಅಲ್ಲಿಗೆ 120 ಕಿಲೋಮೀಟರ್, ಹೋಗ್ತಾ ಬರ್ತಾ 240 ಅವನು ಗಾಡಿಯಲ್ಲೇ ಇಲ್ಲ.

ರಾಮಸ್ವಾಮಿ: ಅವನ ಸೀಟು ಇತ್ತಲ್ಲ!

ಸರೋಜಮ್ಮ: ಇತ್ತು. ಅದರ ಮೇಲೆ ನಿಮ್ಮ ಎರಡು ಬ್ಯಾಗು ಕೂತಿದ್ವು. ಬ್ಯಾಗಿಗೆ ಹಾಸನದ ತನಕ ಟಿಕೆಟ್ ದುಡ್ಡು ತಗೋತೀರಾ ಅಂತ ಸುಬ್ಬಣ್ಣನ್ನೇ ಕೇಳಿದೆ. 'ಅತ್ತಿಗೆ, ಪೂರ್ತಿ ಹಾಕ್ಕೊಳಿ, ಆ ಬ್ಯಾಗಿನ ಕೋಡುಬಳೆ ನಾವೇ ತಿಂದಿದೀವಿ' ಅಂದ. ಈಗ ಒಂದೊಂದು ಮನೆ ಕೊಡಬೇಕಾದ್ದು ಒಂದು ಸಾಲು, ಕೈಯಿಂದ ಕೊಟ್ಟಿದ್ದು ಒಂದು ಸಾಲು. ನಮ್ಮನೆ ಕೊಡಬೇಕಾದ್ದು 3,600, ಕೊಟ್ಟಿದ್ದು 13,000. ಮಂಜಂದು 7,200, ಅಡ್ವಾನ್ಸು ಕೊಟ್ಟಿದ್ದು 5,000. ಸುಬ್ಬಣ್ಣಂದು 3,600, ಕೊಟ್ಟಿದ್ದು 2,400. ಚಿಕ್ಕಮ್ಮಂದು 1,500, ನಾಗರಾಜಂದು 4,500, ಇಬ್ಬರೂ ಏನೂ ಕೊಟ್ಟಿಲ್ಲ. ಕಳೆದುಬಿಡು.

ಮಂಜು: ನನ್ನಿಂದ 2,200, ಸುಬ್ಬಣ್ಣನಿಂದ 1,200, ಚಿಕ್ಕಮ್ಮನಿಂದ 1,500, ನಾಗರಾಜನಿಂದ 4,500. ನಿಮ್ಮನೆಗೆ ಬರಬೇಕಾದ್ದು 9,400. (ಕೂಡಿ ನೋಡಿ) ಅರೆ, ಸರಿಹೋಯ್ತು!

ಸರೋಜಮ್ಮ: ಬರೋದೂ ಹೋಗೋದೂ ಸಮ ಆಗದಿದ್ರೆ ಎಲ್ಲೋ ತಪ್ಪಿದೀವಿ ಅಂತ. ಸುಬ್ಬಣ್ಣನ ತಿಂಡಿ ದುಡ್ಡು ನೀನು ಅವನಿಗೆ ಕೊಟ್ಟು, ಅವನು ಗಾಡಿ ದುಡ್ಡು ನಮಗೆ ಕೊಟ್ಟು, ಹಂಗೆಲ್ಲ ಸುತ್ತೋದು ಬೇಡ. ಮನೆ ಐದಿದ್ರೆ ನಾಲ್ಕು ಸಲ ದುಡ್ಡು ಕೈ ಬದಲಾದ್ರೆ ಸಾಕು. ಎಲ್ಲೂ ಅದಕ್ಕಿಂತ ಜಾಸ್ತಿ ಬೇಕಾಗಲ್ಲ.

ರಾಮಸ್ವಾಮಿ: (ಮುಖ ಅರಳಿ) ಶಭಾಷ್ ಸರೋಜ! ಮಂಜು, ತೆಗಿ ಫೋನು. ನನ್ನ ನಂಬರಿಗೆ ಹಾಕಿಬಿಡು.

ಸರೋಜಮ್ಮ: ನಿಮ್ಮ ನಂಬರಿಗೆ ಯಾಕೆ?

ರಾಮಸ್ವಾಮಿ: 13,000 ಡ್ರೈವರಿಗೆ ಎಣಿಸಿ ಕೊಟ್ಟಿದ್ದು ನಾನಲ್ವಾ?

ಸರೋಜಮ್ಮ: ಎಣಿಸಿದ್ದು ನೀವು. 'ಕಾರ್ಡು ಬ್ಯಾಗಿನ ತಳದಲ್ಲಿದೆ' ಅಂದ್ರಲ್ಲ, ಆಗ ದುಡ್ಡು ಎಲ್ಲಿಂದ ಬಂತು?

ರಾಮಸ್ವಾಮಿ: ಬೀರುವಿಂದ.

ಸರೋಜಮ್ಮ: ಬೀರು ಯಾರದು?

ರಾಮಸ್ವಾಮಿ: ನಮ್ಮದು.

ಸರೋಜಮ್ಮ: ಬೀರು ನಮ್ಮದು. ಒಳಗಿದ್ದಿದ್ದು ನನ್ನ ಚೀಟಿ ದುಡ್ಡು. ಮಂಜ, ನನ್ನ ನಂಬರಿಗೆ ಹಾಕು. ರೀ, ನಮ್ಮನೆ ಪಾಲು 3,600ರಲ್ಲಿ ನನ್ನ ಅರ್ಧ ನಾನು ಬಿಟ್ಕೊಂಡಿದೀನಿ. ನಿಮ್ಮ ಸೀಟಿಗೆ 1,500, ಬಾಯಿಗೆ 300.

ರಾಮಸ್ವಾಮಿ: ಗಂಡ ಹೆಂಡತಿ ಮಧ್ಯೆ ಲೆಕ್ಕ ನೋಡ್ತಾರೇನೆ?

ಮಂಜು: ಭಾವ, ಆಗಲೇ ಏನೋ ಹೇಳಿದ್ರಲ್ಲ, ಮದುವೆ, ಮುಂಜಿ...

ರಾಮಸ್ವಾಮಿ: ನೀನು ಸುಮ್ನಿರೋ. (ತಗ್ಗಿದ ದನಿಯಲ್ಲಿ) ಸರೋಜ, ಪೆನ್ಷನ್ ಬಂದ ಮೇಲೆ ಎರಡು ಕಂತಲ್ಲಿ ಕೊಡ್ಲಾ?

ಸರೋಜಮ್ಮ: ಧಾರಾಳವಾಗಿ ಕೊಡಿ. ಬ್ಯಾಂಕಲ್ಲಿದ್ದೋರು, ಬಡ್ಡಿ ಎಷ್ಟು ಹಾಕ್ಬೇಕು ಅಂತ ನೀವೇ ಹೇಳಿ.