ಬೆಣ್ಣೆ ಇಲ್ಲದವರ ನಾನಖಟಾಯಿ: ಬಳಕೆದಾರರ ಕೈಪಿಡಿ

ಈ ಕೈಪಿಡಿ ನರೇಗಲ್‌ನ ಅಡುಗೆಮನೆಗಳಿಗಷ್ಟೇ ಅನ್ವಯ. ರೋಣ, ಗಜೇಂದ್ರಗಡದವರು ಸ್ವಂತ ಜವಾಬ್ದಾರಿಯ ಮೇಲೆ ಬಳಸಿಕೊಳ್ಳಬಹುದು.

ಮೊದಲು ಮೊಬೈಲಿನಲ್ಲಿ ರೆಸಿಪಿ ತೆರೆಯಿರಿ. ‘ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಕೋಣೆಯ ಉಷ್ಣತೆಯಲ್ಲಿ’ ಎಂದಿರುತ್ತದೆ. ಯಾರ ಕೋಣೆ ಎಂದು ಕೇಳಬೇಡಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕೋಣೆಯಲ್ಲಿ ಬೆಣ್ಣೆಯನ್ನು ತೂಗುವುದಲ್ಲ, ಸುರಿಯುವುದು.

ಬೆಣ್ಣೆ ಇಲ್ಲವೇ? ತುಪ್ಪಕ್ಕೆ ಬನ್ನಿ. ಡಬ್ಬಿ ಅತ್ತೆಯ ವಶದಲ್ಲಿದ್ದರೆ, “ಅತ್ತಿ, ಒಂದ ಬಟ್ಟಲ ತುಪ್ಪ ಬೇಕಾಗಿತ್ರಿ” ಎನ್ನಿ. “ಮಾದಲಿಗೇನ?” ಎಂದು ಕೇಳಿದರೆ ಸುಮ್ಮನೆ ತಲೆಯಾಡಿಸಿ. 80 ಗ್ರಾಂ ಸಾಕು. ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟೇ, ಉಳಿದದ್ದು ಬಹುಪಾಲು ನೀರು. ತುಪ್ಪವೋ, ಹೆಚ್ಚುಕಡಿಮೆ ಬರೀ ಕೊಬ್ಬು. ಕಡಿಮೆಯಾದ ನೀರಿಗೆ ಒಂದು ಚಮಚ ಹಾಲು ಸೇರಿಸಿ. ತೂಕಕ್ಕೆ ತೂಕ ಎಂದು ಪೂರಾ 100 ಗ್ರಾಂ ಸುರಿದವರ ಖಟಾಯಿಗಳು ತಟ್ಟೆಯಲ್ಲಿ ಹರಡಿ ಒಂದೇ ಚಪಾತಿಯಾಗುತ್ತವೆ.

ತುಪ್ಪ, ಸಕ್ಕರೆ ಪುಡಿ ಬೆಳ್ಳಗಾಗುವವರೆಗೆ ತಿಕ್ಕಿ. ಗಾಳಿ ಸಿಕ್ಕಿಕೊಳ್ಳುವುದು ಇಲ್ಲೇ. ಮೈದಾ ಹಾಕಿದ ಮೇಲೆ ಮಾತ್ರ ಕೈ ಬಿಗಿಹಿಡಿಯಿರಿ. ಹೋಳಿಗೆಯ ಕಣಕಕ್ಕೆ ನಾದಿ ನಾದಿ ಬರಿಸುವ ಜಿಗುಟು ಇಲ್ಲಿ ಶತ್ರು. ಕೊಬ್ಬು ಹಿಟ್ಟಿಗೆ ಅಂಟಿ ಆ ಜಿಗುಟನ್ನು ತಡೆದರೇನೇ ಖಟಾಯಿ ಬಾಯಲ್ಲಿ ಪುಡಿಯಾಗುತ್ತದೆ.

ಶೇಂಗಾ ಎಣ್ಣೆ? ಕೇಕಿಗೆ ಧಾರಾಳವಾಗಿ ಹಾಕಿ, ಮರುದಿನವೂ ಮೆತ್ತಗಿರುತ್ತದೆ. ಖಟಾಯಿಗೆ ಬೇಡ, ದ್ರವದಲ್ಲಿ ಗಾಳಿ ನಿಲ್ಲದು. ಕುಸಬಿ ಎಣ್ಣೆಯನ್ನು ರೊಟ್ಟಿ, ಚಟ್ನಿಪುಡಿಗೆ ಬಿಟ್ಟುಬಿಡಿ.

ಇನ್ನು ಡಾಲ್ಡಾ. 1937ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ತುಪ್ಪದ ವೇಷ ಹಾಕುತ್ತಲೇ ಇದೆ. ನಿಜ ಹೇಳಬೇಕೆಂದರೆ ಅಂಗಡಿ ಖಟಾಯಿಯ ಗರಿ ಅದರದೇ. ಸೆಕೆಯಲ್ಲೂ ಗಟ್ಟಿ ನಿಲ್ಲುತ್ತದೆ, ರುಚಿ ಸೊನ್ನೆ. 2022ರಿಂದ ಎಣ್ಣೆ–ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ 2 ಮೀರುವಂತಿಲ್ಲವಾದ್ದರಿಂದ ಲೇಬಲ್ ಓದಿ ಕೊಳ್ಳಿ. ಅರ್ಧ ಡಾಲ್ಡಾ, ಅರ್ಧ ತುಪ್ಪ ಎನ್ನುವುದು ನನ್ನ ಶಿಫಾರಸು, ಅತ್ತೆಯದಲ್ಲ.

ದೋಷ ಪರಿಹಾರ: ಉಂಡೆಗಳು ಬೇಯುವ ಮೊದಲೇ ಜೋತುಬಿದ್ದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕರೆಂಟು ಹೋಗಿದ್ದರೆ ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿ.