ಲಿನಕ್ಸ್ ಕಾರ್ಣಿಕ ಮೀಮಾಂಸೆ ಅಥವಾ ಬ್ಯಾಡಗಿ ದಲಾಲಿ ಅಂಗಡಿಯ ಎರಡು ಪರದೆ

ಹಾವೇರಿ ಎಂಬ ಹೆಸರು ‘ಹಾವು’ ಮತ್ತು ‘ಕೇರಿ’ ಕೂಡಿ ಆದದ್ದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಯಾವ ಹಾವು ಎಂದು ಮಾತ್ರ ಯಾರೂ ವಿಚಾರಿಸಲಿಲ್ಲ. ನಾಗರವೋ ಕೇರೆಯೋ ಎಂಬ ಜಗಳಕ್ಕೆ ಹೋಗದೆ ಪ್ರಸ್ತುತ ಪ್ರಬಂಧಕಾರನು ವಿನಯಪೂರ್ವಕ ನಿವೇದಿಸುವುದೇನೆಂದರೆ, ಆ ಹಾವು ಕೇಬಲ್ಲು. ಕಂಪ್ಯೂಟರಿನ ಬೆನ್ನ ಹಿಂದೆ, ಮೇಜಿನ ಕೆಳಗೆ, ಧೂಳಿನಲ್ಲಿ ಸುರುಳಿ ಸುತ್ತಿ ಮಲಗುವ, ನೀಲಿ ಹೆಡೆಯ, ಹದಿನೈದು ಹಲ್ಲಿನ ವಿಜಿಎ ಜಾತಿಯದು. ಊರು ಹಳೆಯದು, ಕೇಬಲ್ಲು ನಿನ್ನೆ ಮೊನ್ನೆಯದಲ್ಲವೇ ಎಂದು ಪೂರ್ವಪಕ್ಷ ಏಳಬಹುದು. ಶಬ್ದವ್ಯುತ್ಪತ್ತಿಯ ಕ್ಷೇತ್ರದಲ್ಲಿ ಇಂಥ ಸಣ್ಣಪುಟ್ಟ ಅಡಚಣೆಗಳು ಯಾವ ದೊಡ್ಡ ವಿದ್ವಾಂಸನನ್ನೂ ತಡೆದದ್ದಿಲ್ಲ.

ಕ್ಷೇತ್ರಪರಿಚಯ. ಹುಬ್ಬಳ್ಳಿಯಿಂದ ದಾವಣಗೆರೆ ಕಡೆ ಹೊರಟ ರೈಲಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಕ್ರಮದಲ್ಲಿ ಸಿಗುತ್ತವೆ. ನಮ್ಮ ಅಧ್ಯಯನದ ಯಂತ್ರ ಆ ಕ್ರಮ ಪಾಲಿಸಲಿಲ್ಲ. ಅದರ ದೇಹ ರಾಣೆಬೆನ್ನೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ಆತ್ಮ ಹಾವೇರಿಯ ನಮ್ಮ ಮನೆಗೆ ಅಂಚೆಯಲ್ಲಿ ಬಂತು: ಉಬುಂಟು ಎಂಬ ಲಿನಕ್ಸ್‌ನ ಸಿಡಿಯನ್ನು ಕೇಳಿದವರಿಗೆಲ್ಲ ಪುಕ್ಕಟೆ ಕಳಿಸುತ್ತಿದ್ದ ಕಾಲ ಅದು, ಆ ದಾಸೋಹ 2011ರ ಏಪ್ರಿಲ್‌ನಲ್ಲಿ ನಿಂತಿತು. ಕರ್ಮಭೂಮಿ ಬ್ಯಾಡಗಿ, ನಮ್ಮ ಕಾಕಾನ ಮೆಣಸಿನಕಾಯಿ ದಲಾಲಿ ಅಂಗಡಿ. ಅಲ್ಲಿನ ವಾತಾವರಣವನ್ನು ಶಾಸ್ತ್ರೀಯವಾಗಿ ಒಂದೇ ಪದದಲ್ಲಿ ವರ್ಣಿಸಬಹುದು: ಸೀನು. ಒಳಗೆ ಬಂದವನು ಮೊದಲು ಸೀನುತ್ತಾನೆ, ಆಮೇಲೆ ನಮಸ್ಕಾರ ಹೇಳುತ್ತಾನೆ. ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಪುಡಿ ಹತ್ತಿತ್ತು. ಊದಿದವನಿಗೆ ಅರ್ಧ ತಾಸು ಕಣ್ಣು ಬಿಡಲಾಗಲಿಲ್ಲ. ಊದಿದವನು ಪ್ರಬಂಧಕಾರನೇ.

ಒಂದು ಪರದೆ ಸಾಲದೆ ಎರಡು ಯಾಕೆ? ಈ ಆಸೆ ಕಾಕಾನಿಗೆ ಹುಟ್ಟಿದ್ದು ತಾಲೂಕು ಕಚೇರಿಯ ಪಹಣಿ ಪಾಳಿಯಲ್ಲಿ. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಪಹಣಿ ಕೊಡಲು ಶುರು ಮಾಡಿದಾಗ ಕಿಂಡಿಯಲ್ಲಿ ಎರಡು ಪರದೆ ಇಡುವ ಏರ್ಪಾಟು ಮಾಡಿತ್ತು. ಒಂದು ಕೂತವನಿಗೆ, ಇನ್ನೊಂದು ಹೊರಗೆ ನಿಂತ ರೈತನಿಗೆ. ಬರೆಯುವವನು ಏನು ಬರೆಯುತ್ತಾನೆಂದು ಹೊಲದವನಿಗೂ ಕಾಣಬೇಕೆಂಬುದು ಉದ್ದೇಶ. ಕೈಬರಹದ ದಫ್ತರಿನ ಕಾಲ ಕಂಡವರಿಗೆ ಇದು ಸಣ್ಣ ಮಾತಲ್ಲವೆಂದು ಗೊತ್ತು. ಕಾಕಾ ಅದನ್ನು ನೋಡಿ ಬಂದವನೇ, “ತಮ್ಮಾ, ನಮ್ಮ ಅಂಗಡ್ಯಾಗೂ ಹಂಗs ಆಗ್ಬೇಕು. ಲಾಟ್ ನಂಬರು, ತೂಕ, ರೇಟು, ರೈತಗ ಎಲ್ಲಾ ಕಾಣ್ಬೇಕು. ನಂದೇನು ಮುಚ್ಚುಮರಿ ಐತಿ?” ಎಂದ. ಈ ಕೊನೆಯ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು.

ಈಗ ಪ್ರಮಾಣವಿಚಾರ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಗೆ ಮಾಲತೇಶನ ಕಾರ್ಣಿಕವಾಗುತ್ತದೆ. ಗೊರವಯ್ಯ ಬಿಲ್ಲು ಏರುತ್ತಾನೆ, ‘ಸದ್ದಲೇ’ ಎನ್ನುತ್ತಾನೆ, ಸಾವಿರಾರು ಮಂದಿ ಉಸಿರು ಬಿಗಿಹಿಡಿಯುತ್ತಾರೆ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ವರ್ಷಪೂರ್ತಿ ಭಾಷ್ಯ. ಮಳೆ ಎಂದು ರೈತ, ಧಾರಣೆ ಎಂದು ವರ್ತಕ, ಸರ್ಕಾರ ಬೀಳುತ್ತದೆ ಎಂದು ಸೋತ ಪಕ್ಷದವನು. ಲಿನಕ್ಸ್ ಯಂತ್ರವೂ ಇದೇ ಸಂಪ್ರದಾಯದ್ದು. ಕರ್ನೆಲ್ ಎಂಬ ಗೊರವಯ್ಯ ಏಳುವಾಗ ಕಪ್ಪು ಪರದೆಯ ಮೇಲೆ ನುಡಿದದ್ದೆಲ್ಲ ‘ಡಿಮೆಸೇಜ್’ ಎಂಬ ಗ್ರಂಥದಲ್ಲಿ ಸಂಗ್ರಹವಾಗುತ್ತದೆ. ಒಂದು ಬೆಳಿಗ್ಗೆ ಅದು ನುಡಿದದ್ದು: ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ ಮೈನಸ್ 71.’ ಕಾಕಾ ಕೂಡಲೇ ಹೇಳಿದ, “ಯಾರದೋ ಎಪ್ಪತ್ತೊಂದು ರೂಪಾಯಿ ಬಾಕಿ ಐತಿ.” ರಾಣೆಬೆನ್ನೂರಿನಿಂದ ಬಂದ ರಿಪೇರಿ ಹುಡುಗ, “ಮದರ್‌ಬೋರ್ಡ್ ಹೋಗೇತ್ರಿ ಸರ” ಎಂದ, ಆತ ಎಲ್ಲ ಸಾಲಿಗೂ ಅದೇ ಭಾಷ್ಯ ಹೇಳುತ್ತಿದ್ದ. ಪ್ರಬಂಧಕಾರನು ಕರ್ನೆಲ್ಲಿನ ಆವೃತ್ತಿ, ಡ್ರೈವರಿನ ಪಾಠಾಂತರ ಮೊದಲಾದವುಗಳ ಮೇಲೆ ಎರಡು ದಿನ ಪ್ರವಚನ ಮಾಡಿದ. ಈ ಮೂರರಲ್ಲಿ ಯಾವುದು ನಿಜವಾಯಿತೆಂಬುದು ಮುಂದೆ.

ಮೊದಲು ಪರದೆ. ಎರಡೂ ಮಾನಿಟರು ಒಂದೇ ಅಂಗಡಿಯವು, ಒಂದೇ ಅಳತೆಯವು, 1440 ಚುಕ್ಕಿ ಅಗಲ, 900 ಎತ್ತರ. ಒಂದನ್ನು ಡಿವಿಐಗೆ, ಇನ್ನೊಂದನ್ನು ವಿಜಿಎಗೆ ಕಟ್ಟಿದೆವು. ಮೊದಲನೆಯದು ಸುಲಕ್ಷಣವಾಗಿ ಬೆಳಗಿತು. ಎರಡನೆಯದೂ ಬೆಳಗಿತು, ಆದರೆ ಹಟ ಹಿಡಿದಂತೆ 1024ಕ್ಕೆ 768ರಲ್ಲೇ ನಿಂತಿತು. ಚಿತ್ರವೆಲ್ಲ ಅಡ್ಡಕ್ಕೆ ಎಳೆದ ಹಾಗೆ. ಇದರ ಪರಿಣಾಮ ಬೇರೆ ಯಾವ ಊರಿನಲ್ಲೂ ಇಷ್ಟು ಗಂಭೀರವಾಗುತ್ತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತಷ್ಟೆ. ಅದರಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ಗುಂಡಗೆ, ಬೀಜ ಹೆಚ್ಚು, ಬೆಲೆಯೂ ಹೆಚ್ಚು. ನಾಲ್ಕಕ್ಕೆ ಮೂರರ ಚೌಕಟ್ಟಿನ ಚಿತ್ರವನ್ನು ಹದಿನಾರಕ್ಕೆ ಹತ್ತರ ಪರದೆಗೆ ಎಳೆದರೆ ಪ್ರತಿಯೊಂದು ವಸ್ತುವೂ ಶೇ. 20ರಷ್ಟು ದಪ್ಪಗಾಗುತ್ತದೆ. ಮೊದಲ ಪರದೆಯಲ್ಲಿ ಕಡ್ಡಿಯಾಗಿದ್ದ ಕಾಯಿ ಎರಡನೆಯದರಲ್ಲಿ ಡಬ್ಬಿಯಾಗಲು ಹೊರಟಿತ್ತು. ಕಾಕಾ ಎರಡೂ ಪರದೆಗಳ ನಡುವೆ ಕತ್ತು ಹೊರಳಿಸಿ ನೋಡಿ, “ಇದನ್ನ ರಿಪೇರಿ ಮಾಡಬ್ಯಾಡ. ಹಿಂಗs ಇರ್ಲಿ” ಎಂದ.

ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಕಾರಣ ಹೇಳುತ್ತೇನೆ. ಪ್ರತಿ ಮಾನಿಟರಿನ ಹೊಟ್ಟೆಯಲ್ಲಿ ಒಂದು ಜಾತಕವಿದೆ, ‘ಇಡಿಐಡಿ’ ಎಂದು ಹೆಸರು. ಮೂಲಜಾತಕ 128 ಬೈಟು. ಆರಂಭದಲ್ಲಿ ಒಂದು ಸೊನ್ನೆ, ಆರು 255, ಮತ್ತೊಂದು ಸೊನ್ನೆ ಎಂಬ ಮಂಗಳಾಚರಣೆ; ಒಳಗೆ ಹುಟ್ಟಿದ ವರ್ಷ, ವಾರ, ಕುಲ, ಎಷ್ಟು ಚುಕ್ಕಿ ಹೊರಬಲ್ಲದೆಂಬ ವಿವರ. ಎಲ್ಲ ಬೈಟು ಕೂಡಿಸಿದರೆ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗಬೇಕು, ಇಲ್ಲವಾದರೆ ಜಾತಕ ಸುಳ್ಳು. ಇದನ್ನು ಕಂಪ್ಯೂಟರಿಗೆ ಒಯ್ದು ಮುಟ್ಟಿಸುವ ಕೆಲಸ ವಿಜಿಎ ಕೇಬಲ್ಲಿನ 12 ಮತ್ತು 15ನೇ ಹಲ್ಲುಗಳದು. ಬಣ್ಣ ಬೇರೆ ಹಲ್ಲುಗಳಲ್ಲಿ ಹೋಗುತ್ತದಾದ್ದರಿಂದ ಈ ಎರಡು ಇಲ್ಲದಿದ್ದರೂ ಚಿತ್ರ ಬಂದೇ ಬರುತ್ತದೆ. ಜಾತಕ ಸಿಗದೆ ಮದುವೆಗೆ ಕೂತ ಹುಡುಗನಂತೆ ಲಿನಕ್ಸ್, ಯಾವುದಕ್ಕೂ ಇರಲಿ ಎಂದು ಎಲ್ಲರಿಗೂ ಒಗ್ಗುವ 1024ಕ್ಕೆ 768 ಹಿಡಿದು ಕೂರುತ್ತದೆ. ನಮ್ಮ ಕೇಬಲ್ಲಿನ ಹೆಡೆ ತಿರುಗಿಸಿ ಬೆಳಕಿಗೆ ಹಿಡಿದೆ. ಮೂರನೇ ಸಾಲಿನಲ್ಲಿ ಎರಡು ಕಡೆ ಹಲ್ಲೇ ಇಲ್ಲ, ಬರೀ ತೂತು. ಅದು ಮಾನಿಟರಿನ ಜೊತೆ ‘ಫ್ರೀ’ ಬಂದದ್ದು.

ಹೊಸ ಕೇಬಲ್ ತರಲು ಹಾವೇರಿಗೆ ಹೋಗಬೇಕಿತ್ತು, ಅಂದು ಸೋಮವಾರ, ಪೇಟೆಯ ದಿನ. ಆದಕಾರಣ ಪ್ರಬಂಧಕಾರನು ಮಂತ್ರಮಾರ್ಗ ಹಿಡಿದ. ‘ಸಿವಿಟಿ’ ಎಂಬ ಆಜ್ಞೆಗೆ 1440, 900, 60 ಎಂದು ದಕ್ಷಿಣೆ ಹಾಕಿದರೆ ಅದು ಒಂದು ಸೂತ್ರ ಉದುರಿಸುತ್ತದೆ: 106.50, 1440, 1528, 1672, 1904, 900, 903, 909, 934. ಇದೇ ಮೋಡ್‌ಲೈನ್. ತಲೆಯಲ್ಲಿರುವುದು ಸೆಕೆಂಡಿಗೆ ಎಷ್ಟು ದಶಲಕ್ಷ ಚುಕ್ಕಿ ಎಂಬ ವೇಗ. ಮುಂದಿನದರಲ್ಲಿ ಸ್ವಾರಸ್ಯವಿದೆ. ಕಾಣುವ ಚುಕ್ಕಿ 1440, ಎಣಿಸುವುದು 1904. ಉಳಿದ 464 ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಡಬ್ಬದಂಥ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣ ಬಲತುದಿ ಮುಟ್ಟಿ ಮತ್ತೆ ಎಡಕ್ಕೆ ಓಡಿಬರಲು ಬೇಕಾಗುತ್ತಿದ್ದ ಬಿಡುವು ಅದು. ಚಪ್ಪಟೆ ಮಾನಿಟರಿನಲ್ಲಿ ಕಿರಣವೂ ಇಲ್ಲ, ಓಟವೂ ಇಲ್ಲ. ಅಜ್ಜನ ಕಾಲದಲ್ಲಿ ಬೆಕ್ಕು ಕಟ್ಟಿ ಶ್ರಾದ್ಧ ಮಾಡಿದರೆಂದು ಮೊಮ್ಮಗ ಬೆಕ್ಕು ಹುಡುಕಿದ ಹಾಗೆ ಆಚಾರ ಮುಂದುವರಿದಿದೆ. ಸೂತ್ರವನ್ನು ಪರದೆ ಹೊಂದಿಸುವ ಆಜ್ಞೆಯಾದ ‘ಎಕ್ಸ್‌ರ‍್ಯಾಂಡರ್’ಗೆ ಉಪದೇಶಿಸಿದೊಡನೆ ಡಬ್ಬಿ ಕಣ್ಣೆದುರೇ ಸೊರಗಿ ಮತ್ತೆ ಕಡ್ಡಿಯಾಯಿತು. ಕಾಕಾ ನಿಟ್ಟುಸಿರು ಬಿಟ್ಟ.

ಮೋಡೆಮ್ ಪ್ರಕರಣ ಇದಕ್ಕಿಂತ ಕಠಿಣ. ಪೆಟ್ಟಿಗೆಯೊಳಗೆ ಹಳೆಯದೊಂದು ಮೋಡೆಮ್ ಕಾರ್ಡಿತ್ತು, “ಒಳಗs ಒಂದು ಐತಲ್ಲೋ, ಮತ್ತ ರೊಕ್ಕ ಯಾಕ ಹಾಕ್ತಿ?” ಎಂಬುದು ಕಾಕಾನ ಅರ್ಥಶಾಸ್ತ್ರ. ಅದು ವಿನ್‌ಮೋಡೆಮ್ ಕುಲದ್ದು. ನಿಜವಾದ ಮೋಡೆಮ್ಮು ಶಬ್ದವನ್ನು ಅಂಕಿಯಾಗಿ, ಅಂಕಿಯನ್ನು ಶಬ್ದವಾಗಿ ತಾನೇ ಮಾಡುತ್ತದೆ. ಇದು ಫೋನಿನ ತಂತಿ ಕಚ್ಚಿಕೊಂಡು ಸುಮ್ಮನೆ ಕೂತು, ಲೆಕ್ಕವನ್ನೆಲ್ಲ ವಿಂಡೋಸಿನ ಸಾಫ್ಟ್‌ವೇರಿನಿಂದ ಮಾಡಿಸಿಕೊಳ್ಳುತ್ತದೆ. ವಿಂಡೋಸ್ ಇಲ್ಲದ ಮನೆಯಲ್ಲಿ ಅದಕ್ಕೆ ತಂತಿ ಉಂಟು, ತಲೆ ಇಲ್ಲ. ರಿಪೇರಿ ಹುಡುಗ ತಲೆ ಇರುವ ಹಳೆಯ ಹೊರ ಮೋಡೆಮ್ ಒಂದನ್ನು ಎರವಲು ಕೊಟ್ಟ. ‘ಎಟಿಡಿಟಿ’ ಎಂದು ಬರೆದು ನಂಬರು ಒತ್ತಿದೆವು. ರಿಂಗಾಯಿತು, ಆಚೆಯಿಂದ 2100 ಹರ್ಟ್ಸ್‌ನ ಸಿಳ್ಳು ಬಂತು, ಕರಕರ ಎಂದಿತು, ಕಾಕಾ ಕೈಮುಗಿದ. ಆಮೇಲೆ ಪರದೆಯ ಮೇಲೆ ಒಂದು ಸಾಲು: ‘ನೋ ಕ್ಯಾರಿಯರ್.’

“ಕ್ಯಾರಿಯರ್ ಇನ್ನೂ ಮನ್ಯಾಗs ಐತಿ, ಅದಕ್ಕ್ಯಾಂಗ ಗೊತ್ತಾತು?” ಎಂದ ಕಾಕಾ.

ನಾಲ್ಕು ಸಲ ಹಚ್ಚಿದೆ, ನಾಲ್ಕು ಸಲವೂ ಅದೇ ನುಡಿ. ಕೊನೆಗೆ ತಿಳಿದದ್ದಿಷ್ಟು: ಅಂಗಡಿಯ ಫೋನಿಗೆ ಹಿಂದಿನ ಮನೆಯಲ್ಲಿ ಪ್ಯಾರಲಲ್ ಕನೆಕ್ಷನ್ ಇತ್ತು, ಅಲ್ಲಿ ರಿಸೀವರ್ ಎತ್ತಿದರೆ ಇಲ್ಲಿ ಸಂಪರ್ಕ ಹರಿಯುತ್ತದೆ. ಎತ್ತುತ್ತಿದ್ದವಳು ಚಿಗವ್ವ. ಊಟದ ಕ್ಯಾರಿಯರ್ ಕಳಿಸಲೋ ಬೇಡವೋ ಎಂದು ಕೇಳಲು. ಕಾಕಾನ ಭಾಷ್ಯ ಅಕ್ಷರಶಃ ನಿಜವಾದ ಏಕೈಕ ಸಂದರ್ಭವಿದು.

ಫೋನಿನ ತಂತಿಯ ಗೊಡವೆ ಬಿಟ್ಟು ಮೊಬೈಲ್ ಇಂಟರ್ನೆಟ್ಟಿನ ಡಾಂಗಲ್ ಕೊಂಡೆವು. ಅದು ಹಗಲುವೇಷದ ಮನೆತನದ್ದು. ಚುಚ್ಚಿದಾಗ ತಾನು ಸಿಡಿ ಡ್ರೈವ್ ಎಂದು ಹೇಳಿಕೊಂಡಿತು. ವಿಂಡೋಸಿನವರಿಗೆ ತನ್ನ ಡ್ರೈವರನ್ನು ತಾನೇ ಹೊತ್ತು ತರಲು ಕಂಪನಿಗಳು ಹೂಡಿದ ಉಪಾಯ ಅದು. ಲಿನಕ್ಸ್ ಮುಗ್ಧವಾಗಿ ನಂಬಿ ಸಿಡಿಯ ಚಿತ್ರ ತೋರಿಸಿತು. ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಸಾಧನ ಬಂದು ಆ ಇಲ್ಲದ ಸಿಡಿಯನ್ನು ಹೊರಗೆ ತೆಗೆಯಲು ಹೇಳಿದರೆ ಸಾಕು, ವೇಷ ಕಳಚುತ್ತದೆ. ನಮ್ಮದರ ಯುಎಸ್‌ಬಿ ಗುರುತಿನ ನಂಬರು 1446 ಇದ್ದದ್ದು ಹಾಗೆಯೇ 1436 ಆಯಿತು. ಸಿಗ್ನಲ್ ಇರಲಿಲ್ಲ. ಚೀಲಗಳ ಗೋಡೆ ಅಡ್ಡ. ಕಾಕಾ ಒಂದರ ಬಾಲಕ್ಕೊಂದು ಎಕ್ಸ್‌ಟೆನ್ಷನ್ ಕೇಬಲ್ ಕಟ್ಟಿ ಡಾಂಗಲನ್ನು ಕಿಟಕಿಯ ಹೊರಗೆ, ಮೆಣಸಿನಕಾಯಿ ನಿಂಬೆಹಣ್ಣು ಕಟ್ಟಿದ ಜಾಗದಲ್ಲೇ, ಇಳಿಬಿಟ್ಟ. ಮೈನಸ್ 71 ನುಡಿದದ್ದು ಆಗ. ಸಿಗ್ನಲ್ ಐದು ಗೀಟು, ಮಾತು ಮಾತ್ರ ಅರ್ಧಕ್ಕೆ ತೊದಲು. ಯುಎಸ್‌ಬಿ ಕೇಬಲ್ಲಿನ ಉದ್ದಕ್ಕೆ ಐದು ಮೀಟರಿನ ಮಿತಿ ಇದೆ. ನಮ್ಮದು ಒಂಬತ್ತು ದಾಟಿತ್ತು. ಬಾಕಿಯೂ ಅಲ್ಲ, ಮದರ್‌ಬೋರ್ಡೂ ಅಲ್ಲ, ಪಾಠಾಂತರವೂ ಅಲ್ಲ, ಹಾವು. ಹಾವನ್ನು ಕಿತ್ತು, ಮೇಜನ್ನೇ ಕಿಟಕಿಗೆ ಸರಿಸಿದೆವು.

ಹೀಗೆ ಸರಿಸಿದ್ದರಿಂದ ಎರಡನೆಯ ಪರದೆ ತಾನಾಗಿ ಕಟ್ಟೆಯ ಮೇಲೆ ಕೂತ ರೈತರ ಮುಖಕ್ಕೆ ನೇರವಾಯಿತು. ಗುರುವಾರ ಪೇಟೆ. ಮೊದಲು ‘ರೈಟ್-ಆಫ್’ ಎಂಬ ವ್ಯವಸ್ಥೆ ಇತ್ತು: ಎರಡು ಪರದೆ ಸೇರಿ ಒಂದೇ ಉದ್ದನೆಯ ಬಯಲು. ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಅಭಯಾರಣ್ಯದ ಕೃಷ್ಣಮೃಗದಂತೆ ಮೌಸಿನ ಬಾಣ ಬಲಗಡೆಗೆ ಹಾರಿದರೆ ಕಾಕಾನಿಗೆ ಮತ್ತೆ ಸಿಗುತ್ತಿರಲಿಲ್ಲ. ಕಟ್ಟೆಯ ಮೇಲಿದ್ದವರು “ಇಲ್ಲೈತ್ರಿ ಸಾವ್ಕಾರ್ರ, ಎಡಕ್ಕ ಎಡಕ್ಕ” ಎಂದು ಅಟ್ಟಿ ಕಳಿಸಬೇಕಾಗಿತ್ತು. ಅವರ ಪರದೆಯಲ್ಲಿ ಉಳಿದಂತೆ ಕಾಣುತ್ತಿದ್ದದ್ದು ಮಾಲತೇಶನ ಫೋಟೋ ಮಾತ್ರ. ಇದು ‘ಭೂಮಿ’ಯ ಮಾದರಿಯಲ್ಲವೆಂದು ಪ್ರಬಂಧಕಾರನು ‘ಸೇಮ್-ಆಸ್’ ಎಂದು ಬರೆದು ಎಂಟರ್ ಒತ್ತಿದ. ಎರಡರಲ್ಲೂ ಒಂದೇ ಚಿತ್ರ. ಲಾಟು, ತೂಕ, ರೇಟು, ಎಲ್ಲವೂ.

ಹತ್ತು ನಿಮಿಷ ಕಳೆದಿರಲಿಲ್ಲ. ಕಟ್ಟೆಯಿಂದ ಒಬ್ಬ ಹಿರಿಯ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಬೆರಳಿಟ್ಟ. “ಸಾವ್ಕಾರ್ರ, ಈ ಮ್ಯಾಲಿನ ಸಾಲಿನವಂದೂ ಕಡ್ಡಿನs, ನಂದೂ ಕಡ್ಡಿನs. ಅವಗ ಎರಡು ಸಾವಿರ ಹೆಚ್ಚು ಯಾಕ?” ಮತ್ತೊಬ್ಬ ಎದ್ದ. ಇನ್ನಿಬ್ಬರು ಚೀಟಿ ಹಿಡಿದು ಬಂದರು. ಬಣ್ಣ, ತೇವ, ತೊಟ್ಟು, ಬಿಳಿಗಾಯಿ ಎಂದು ಕಾಕಾ ಒಬ್ಬೊಬ್ಬನಿಗೂ ಒಂದೊಂದು ಲಾಟಿನ ಭಾಷ್ಯ ಹೇಳುತ್ತ ಮಧ್ಯಾಹ್ನ ಮೂರಾಯಿತು. ಚಿಗವ್ವ ಕಳಿಸಿದ ಕ್ಯಾರಿಯರ್ ಬಿಚ್ಚಲಾಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಗ್ಗಿದ.

“ತಮ್ಮಾ, ಆ ಮದ್ಲಿಂದು ಇತ್ತಲ್ಲ, ಬಾಣ ಹಾರಿ ಹೋಗೂದು. ಅದನ್ನs ಹಚ್ಚು.”

‘ರೈಟ್-ಆಫ್’ ಎಂದು ಬರೆದೆ. ಕಟ್ಟೆಯ ಕಡೆಯ ಪರದೆ ಒಮ್ಮೆ ಕಪ್ಪಾಗಿ, ಭಂಡಾರ ಬಳಿದುಕೊಂಡ ಮಾಲತೇಶ ಮೂಡಿದ. ಬೆರಳಿಟ್ಟಿದ್ದ ಹಿರಿಯ ಗಡಬಡಿಸಿ ಕೈ ಹಿಂದೆಳೆದು, ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿದ.